ಪದ ಬೇಕು: ಮೊದಲು ಪ್ರಯಾಣಿಕರದು, ಈಗ ವಾಯುಪಡೆಯದು

ಬೀದರಿನಿಂದ:
ನಾಳೆ ಸಂಜೀಕ ಬೇಕ್ರಿ. ಹಳೇ ಫೋಟೋಗಳ ಪ್ರದರ್ಶನಕ್ಕ ಪಟ್ಟಿ ಬರೀಲಿಕತ್ತೀನಿ. ಒಂದರಾಗ ನಮ್ಮ ಕಾಕಾ ಹೈದರಾಬಾದಿನ ಬೇಗಂಪೇಟೆಯಲ್ಲಿ ವಿಮಾನದ ಏಣಿ ಮ್ಯಾಲ, ಗಾಳಿಗೆ ಹಾರೋ ಧೋತರ ಒಂದ ಕೈಲೆ ಹಿಡಕೊಂಡು ನಿಂತಾರ. 2008ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನ ಶಂಷಾಬಾದಿಗೆ ಹೋದವು, ಈಗ ಅಲ್ಲಿ ವಾಯುಪಡೆಯ ತರಬೇತಿ ನಡೀತದ. "ಮಾಜಿ ನಾಗರಿಕ ವಿಮಾನ ನಿಲ್ದಾಣ" ಅಂತ ಬರದೆ. ಮಗಳು ಓದಿ, "ಮಾಜಿ ನಾಗರಿಕ ಅಂದ್ರ ಯಾರಪ್ಪಾ?" ಅಂದಳು. ಒಂದೇ ಸಾಲು ಹಿಡೀತದ.

ಕಲಬುರಗಿಯಿಂದ:
"ನಾಗರಿಕ" ಬಿಡಿ. ಸೈನಿಕರೇನು ಅನಾಗರಿಕರೇ? "ನಿಲ್ದಾಣ"ವೂ ಬೇಡ. ನಿಲ್ ನಮ್ಮದು, ತಾಣ ಸ್ಥಾನದ ತದ್ಭವ. ಪೊಲೀಸ್ ಠಾಣೆಯೂ ಅದೇ ಬಳ್ಳಿಯ ಕಾಯಿ. ಅಚ್ಚಗನ್ನಡದಲ್ಲಿ "ನೆಲೆವೀಡು" ಇದೆ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ "ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ" ಅಂತ ಮತ್ತೆ ಮತ್ತೆ ಬರುತ್ತದೆ. ಅರಸ ಬೀಡುಬಿಟ್ಟ ಜಾಗ. "ಬಾನ್ನೆಲೆವೀಡು" ಎಂದು ಬರೆಯಿರಿ. ಕಲ್ಯಾಣ ನಿಮ್ಮ ಜಿಲ್ಲೆಯಲ್ಲೇ ಇದೆ, ನಾನು ಹೇಳಬೇಕಾಯಿತು.

ಮೈಸೂರಿನಿಂದ:
ಸರ್, ಬಾನ್ನೆಲೆವೀಡು ಅಂದ್ರೆ ಲಾಡ್ಜ್ ಅಂದ್ಕೋತಾರೆ. ಬೆಂಗಳೂರು ದಂಡು ರೈಲು ನಿಲ್ದಾಣ ಇಲ್ವೆ? ಹಾಗೇ "ವಿಮಾನದಂಡು" ಅನ್ನಿ. ದಯವಿಟ್ಟು "ಮಿಲ್ಟ್ರಿ" ಮಾತ್ರ ಬೇಡ, ನಮ್ಮ ಕಡೆಯವರು ಮುದ್ದೆ, ಕಾಲುಸೂಪು ಕೇಳ್ಕೊಂಡು ಬರ್ತಾರೆ.

ಕಲಬುರಗಿಯಿಂದ:
ದಂಡು ಸಂಸ್ಕೃತದ ದಂಡ. ಮುಗಿಯಿತು.

ಯಾದಗಿರಿಯಿಂದ:
ಮುಗಿದಿಲ್ರಿ ಸರ. ನೀವೇ ಮ್ಯಾಲ ಬರದಿರೋ "ಜಿಲ್ಲೆ" ಅರಬ್ಬಿ, "ಜಾಗ" ಫಾರ್ಸಿ. ಅವರ "ಮಾಜಿ"ನೂ ಅರಬ್ಬಿ. ಒಂದೊಂದೇ ಕಿತ್ತಿ ಒಗದರ ಬಾಯಾಗ ಹಲ್ಲಷ್ಟೇ ಉಳೀತಾವ. ನಮ್ಮ ಅಜ್ಜ ಹವಾಯಿ ಅಡ್ಡಾ ಅಂತಿದ್ದ, ಬಸ್ ಕಂಡಕ್ಟರಗೂ ತಿಳೀತಿತ್ತು. ಇನ್ನ ಪ್ರಶ್ನೆ ಕೇಳಿದವರಿಗೆ: ನಿಮ್ಮೂರಾಗ ಇದು ಉಲ್ಟಾ ಅದ. ಬೀದರಿನಾಗ ವಾಯುಪಡೆ ಮೊದಲಿಂದ ಅದ, ಪ್ರಯಾಣಿಕರ ವಿಮಾನ ಬಂದಿದ್ದು 2020ರ ಫೆಬ್ರವರಿಗೆ. ಅಲ್ಲಿಯ ಮಂದಿ ದಿನಾ "ಏರ್‌ಫೋರ್ಸ್" ಒಂದು, "ಏರ್‌ಪೋರ್ಟ್" ಒಂದು ಅಂತ ಬ್ಯಾರೆ ಬ್ಯಾರೆ ಹೇಳ್ತಾರ. ಪಟ್ಟಿಯಾಗೂ ಎರಡು ಪದ ಇಡ್ರಿ. ಒಂದರಾಗ ಎರಡೂ ತುರುಕಲಿಕ್ಕೆ ಹೋಗೇ ಈ ಫಜೀತಿ.

ಬೀದರಿನಿಂದ:
ಬರಸಿ ಬಂದೆ. "ಬೇಗಂಪೇಟೆ: ಆಗ ವಿಮಾನ ನಿಲ್ದಾಣ, ಈಗ ವಾಯುನೆಲೆ." ಕಾಕಾನ ಹೆಸರಿಗೂ ಜಾಗ ಉಳೀತು.

ಕಲಬುರಗಿಯಿಂದ:
ಜಾಗ ಅಲ್ಲ, ಎಡೆ.