ಹೊಳೆಯ ರಾಡಿ ಉಪ್ಪುನೀರಲ್ಲಿ ಬೇಗ ತಳ ಕೂರುವುದು ಯಾಕೆ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಕಾರವಾರ): ಸರ್, ಮಳೆಗಾಲದಲ್ಲಿ ಕದ್ರಾ ಕಡೆಯ ಕಾಳಿ ಹೊಳೆಯ ನೀರು ತಂದಿಟ್ಟರೆ ಮರುದಿನವೂ ರಾಡಿ ಹಾಗೇ ಇರುತ್ತದೆ. ಕೋಡಿಬಾಗದ ಕಡಲ ನೀರು ಸ್ವಲ್ಪ ಬೆರೆಸಿದರೆ ಬೇಗ ತಿಳಿಯಾಗುತ್ತದೆ. ಉಪ್ಪುನೀರು ಭಾರ ಅಂತಲೇ? ಪ್ರಾಜೆಕ್ಟಿಗೆ ಅಳೆದು ತೋರಿಸುವುದು ಹೇಗೆ?

ಉತ್ತರ: ಭಾರ ಕಾರಣವಲ್ಲ. ನೀರು ಭಾರವಾದಷ್ಟೂ ಕಣ ಕೂರುವುದು ತುಸು ನಿಧಾನವೇ ಆಗಬೇಕು. ಜೇಡಿ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ನೀರಲ್ಲಿ ಕರಗಿದ ಅಯಾನುಗಳು (ವಿದ್ಯುದಂಶ ಹೊತ್ತ ಉಪ್ಪಿನ ಕಣಗಳು) ಹೆಚ್ಚಿದಂತೆ ಆ ತಳ್ಳುವಿಕೆಯ ಕೈ ಮೋಟಾಗುತ್ತದೆ. ಅಯಾನಿಕ್ ಸ್ಟ್ರೆಂತ್ (ಅಯಾನುಗಳ ಒಟ್ಟು ವಿದ್ಯುತ್ ಬಲದ ಅಳತೆ) 0.001 ಮೋಲಾರ್ (ಲೀಟರಿಗೆ ಇಷ್ಟು ಮೋಲ್) ಇದ್ದಾಗ ಅದರ ಹರವು ಸುಮಾರು 10 ನ್ಯಾನೊಮೀಟರ್, 0.1ಕ್ಕೆ 1, ಕಡಲ ನೀರಿನ 0.7ಕ್ಕೆ 0.4ರಷ್ಟೂ ಇಲ್ಲ. ಆಗ ಕಣಗಳು ಅಂಟಿಕೊಂಡು ಗಂಟಾಗಿ ಮುಳುಗುತ್ತವೆ.

ಅಯಾನಿಕ್ ಸ್ಟ್ರೆಂತ್ ಲೆಕ್ಕ ಹೀಗೆ: ಪ್ರತಿ ಅಯಾನಿನ ಸಾಂದ್ರತೆಯನ್ನು ಅದರ ವಿದ್ಯುದಂಶದ ವರ್ಗದಿಂದ ಗುಣಿಸಿ, ಎಲ್ಲ ಕೂಡಿಸಿ ಅರ್ಧ ಮಾಡಿ. 0.1 ಮೋಲಾರ್ ಸೋಡಿಯಂ ಕ್ಲೋರೈಡ್‌ಗೆ 0.1 ಬರುತ್ತದೆ, ಅಷ್ಟೇ ಮೆಗ್ನೀಸಿಯಂ ಸಲ್ಫೇಟ್‌ಗೆ 0.4. ಅಳಿವೆಯ ನೀರಾದರೆ ಸಾವಿರಕ್ಕೆ 5ರ ಉಪ್ಪಿನಂಶಕ್ಕೆ 0.1, 35ಕ್ಕೆ 0.72 ಅಂತ ಹಿಡಿಯಿರಿ.

ನಾಲ್ಕು ಬೀಕರ್‌ಗೆ ತಲಾ 250 ಮಿಲಿ ಹೊಳೆನೀರು ಹಾಕಿ. ಒಂದು ಹಾಗೇ ಇರಲಿ. ಎರಡನೆಯದಕ್ಕೆ 0.15 ಗ್ರಾಂ ಸೋಡಿಯಂ ಕ್ಲೋರೈಡ್ (0.01 ಮೋಲಾರ್), ಮೂರನೆಯದಕ್ಕೆ 0.73 ಗ್ರಾಂ (0.05), ನಾಲ್ಕನೆಯದಕ್ಕೆ 0.12 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಗಾಜಿನ ಕಡ್ಡಿಯಿಂದ ಮೆಲ್ಲಗೆ ಒಂದು ನಿಮಿಷ ತಿರುಗಿಸಿ. ಜೋರಾಗಿ ಕಲಕಿದರೆ ಆದ ಗಂಟು ಒಡೆಯುತ್ತದೆ. ಅರ್ಧ ತಾಸು, 2 ತಾಸು, 24 ತಾಸಿಗೆ ಒಂದೇ ಆಳದಿಂದ ಪಿಪೆಟ್‌ನಲ್ಲಿ ತೆಗೆದು ಟರ್ಬಿಡಿಟಿ (ರಾಡಿ ಎಷ್ಟೆಂಬ ಅಳತೆ) ನೋಡಿ.

ಎರಡನೆಯದಕ್ಕೂ ನಾಲ್ಕನೆಯದಕ್ಕೂ ಸೇರಿಸಿದ ಅಯಾನಿಕ್ ಸ್ಟ್ರೆಂತ್ ಒಂದೇ. ಆದರೂ ಕ್ಯಾಲ್ಸಿಯಂ ಹಾಕಿದ್ದೇ ಮೊದಲು ತಿಳಿಯಾಗಬೇಕು. ತೂಕ ತಪ್ಪಿತೆಂದು ಅಳಿಸಬೇಡಿ, ರಿಪೋರ್ಟಿನ ಜೀವ ಅಲ್ಲೇ ಇದೆ: ಎರಡು ಧನ ವಿದ್ಯುದಂಶದ ಕ್ಯಾಲ್ಸಿಯಂ ಜೇಡಿಯ ಮೈಗೇ ಹತ್ತಿಕೊಳ್ಳುತ್ತದೆ, ಒಟ್ಟು ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಸಾಣಿಕಟ್ಟಾ ಉಪ್ಪು ಆದೀತೇ ಸರ್?

ಉತ್ತರ: ಊಟಕ್ಕೆ ಆದೀತು, ಇದಕ್ಕೆ ಬೇಡ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಇದ್ದು ಹೋಲಿಕೆ ಕೆಡುತ್ತದೆ. ಪ್ಯಾಕೆಟ್ ಉಪ್ಪಿಗೆ ಗಂಟುಕಟ್ಟದ ಪುಡಿ ಬೆರೆಸಿರುತ್ತಾರೆ. ಲ್ಯಾಬ್ ಗ್ರೇಡ್ ಬಳಸಿ.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ಕುಮಟಾ): 10 ಪಟ್ಟು ಸಾಂದ್ರ ಪಿಬಿಎಸ್ (ಪಿಎಚ್ ಸ್ಥಿರವಾಗಿಡುವ ಫಾಸ್ಫೇಟ್-ಉಪ್ಪಿನ ದ್ರಾವಣ) ಸ್ಟಾಕ್‌ನ ಪಿಎಚ್ 7.4ಕ್ಕೆ ಹೊಂದಿಸಿದ್ದರೂ ನೀರು ಬೆರೆಸಿದ ಮೇಲೆ ಏರಿರುತ್ತದೆ. ಮೀಟರ್ ದೋಷವೇ?

ಉತ್ತರ: ಮೀಟರ್ ಸರಿಯಾಗಿದೆ, ಇಲ್ಲೂ ಕಾರಣ ಅಯಾನಿಕ್ ಸ್ಟ್ರೆಂತೇ. ಸ್ಟಾಕ್‌ನ ಅಯಾನಿಕ್ ಸ್ಟ್ರೆಂತ್ ಸುಮಾರು 1.7, ತೆಳುವಾದದ್ದಕ್ಕೆ 0.17. ಎರಡು ಋಣದ ಫಾಸ್ಫೇಟ್‌ಗೆ ಅಯಾನುಗಳ ದಟ್ಟಣೆಯಲ್ಲಿ ಆಸರೆ ಹೆಚ್ಚು. ಹಾಗಾಗಿ ಅಲ್ಲಿ ಹೈಡ್ರೋಜನ್ ಸುಲಭವಾಗಿ ಬಿಟ್ಟುಹೋಗಿ ಪಿಕೆಎ (ಅರ್ಧದಷ್ಟು ಹೈಡ್ರೋಜನ್ ಬಿಟ್ಟುಹೋಗುವ ಪಿಎಚ್) ಇಳಿಯುತ್ತದೆ. ನೀರು ಬೆರೆಸಿದಾಗ ಅದು ಮತ್ತೆ ಏರುತ್ತದೆ, ಪಿಎಚ್ ಜೊತೆಗೇ ಏರುತ್ತದೆ. ಸ್ಟಾಕ್ 6.8ರ ಆಸುಪಾಸು ತೋರಿಸಿದರೆ ಸೋಡಿಯಂ ಹೈಡ್ರಾಕ್ಸೈಡ್ ಸುರಿಯದೆ ಬಿಡಿ. ತೆಳುಮಾಡಿದ ಮೇಲೆ 7.4 ಬಂದಿದೆಯೇ ನೋಡಿ, ಬೇಕಿದ್ದರೆ ಆಗ ತಿದ್ದಿ. ಫ್ರಿಜ್‌ನಲ್ಲಿಟ್ಟ ಸ್ಟಾಕ್‌ನಲ್ಲಿ ಫಾಸ್ಫೇಟ್ ಹರಳು ಕಟ್ಟಿರುತ್ತದೆ. ಬೆಚ್ಚಗೆ ಮಾಡಿ ಪೂರ್ತಿ ಕರಗಿಸದೆ ಅಳೆದು ತೆಗೆದರೆ ಲೆಕ್ಕವೇ ತಪ್ಪುತ್ತದೆ.