ಇನ್ಕೊನೆಲ್ ಬುಟ್ಟಿ ಹೊಪ್ಪಳೆ ಏಳುತ್ತಿದೆ, ಏನು ಮಾಡಲಿ?

ಪೀಣ್ಯದ ಕುಲುಮೆ:
ನಮ್ಮದು ಚಿಕ್ಕ ಹೀಟ್ ಟ್ರೀಟ್‌ಮೆಂಟ್ ಘಟಕ. ಸ್ಟೇನ್‌ಲೆಸ್ ಬಿಡಿಭಾಗಗಳನ್ನು ಇನ್ಕೊನೆಲ್ 600 (ಹೆಚ್ಚಿನ ಪಾಲು ನಿಕ್ಕಲ್ ಇರುವ ಮಿಶ್ರಲೋಹ) ಸರಳುಗಳ ಬುಟ್ಟಿಯಲ್ಲಿಟ್ಟು 1050 ಡಿಗ್ರಿಗೆ ಕಾಯಿಸಿ, ಹೊರಗೆಳೆದು ಫ್ಯಾನ್ ಹಾಕುತ್ತೇವೆ. ದಿನಕ್ಕೆ ನಾಲ್ಕು ಸಲ. ಬುಟ್ಟಿ ಆರುವಾಗ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸದ್ದು, ನೆಲದ ಮೇಲೆ ಹಸಿರುಗಪ್ಪು ಹೊಪ್ಪಳೆ. ಮಾರಿದವರು ‘ಸೂಪರ್ ಅಲಾಯ್, ಏನೂ ಆಗದು’ ಎಂದಿದ್ದರು. ಒಂಬತ್ತೇ ತಿಂಗಳಿಗೆ 10 ಮಿ.ಮೀ. ಸರಳು ಅಲ್ಲಲ್ಲಿ 9ಕ್ಕೆ ಇಳಿದಿದೆ. ಏನಾದರೂ ಲೇಪನ ಮಾಡಿಸಲೇ?

ಹಳೆಯ ಲೋಹದವನು:
ಆ ಚಟಪಟದಲ್ಲೇ ಉತ್ತರವಿದೆ. ನಿಮ್ಮ ಸರಳಿನಲ್ಲಿರುವ ಸುಮಾರು 16% ಕ್ರೋಮಿಯಂ ಕಾದಾಗ ಆಕ್ಸೈಡ್ ಆಗಿ ಲೋಹಕ್ಕೆ ಹೊದಿಕೆಯಾಗುತ್ತದೆ. ಆರುವಾಗ ಈ ಹೊದಿಕೆ ಲೋಹದ ಅರ್ಧದಷ್ಟೇ ಕುಗ್ಗುತ್ತದೆ. ಹಾಗಾಗಿ ಉಬ್ಬಿ ಸಿಡಿಯುತ್ತದೆ. 1000 ಡಿಗ್ರಿ ದಾಟಿದರೆ ಇನ್ನೊಂದು ಕಾಟ: ಅದೇ ಆಕ್ಸೈಡ್ ಇನ್ನಷ್ಟು ಆಮ್ಲಜನಕ ಹಿಡಿದು ಆವಿಯಾಗಿ ಹೋಗುತ್ತದೆ. ಲೇಪನ ಆಮೇಲಿರಲಿ, ಬುಟ್ಟಿಗೆ ಬ್ಲಾಸ್ಟಿಂಗ್ (ಹರಳುಪುಡಿ ರಭಸವಾಗಿ ಚಿಮ್ಮಿಸಿ ಉಜ್ಜುವುದು) ಮಾಡುತ್ತೀರಾ?

ಪೀಣ್ಯದ ಕುಲುಮೆ:
ಪ್ರತಿ ಶನಿವಾರ ಸರ್, ಬೆಳ್ಳಗೆ ಹೊಳೆಯುವವರೆಗೆ. ಹೊಪ್ಪಳೆ ಗಿರಾಕಿಯ ಮಾಲಿನ ಮೇಲೆ ಬಿದ್ದರೆ ಬೈಗುಳ ನನಗೆ.

ಹಳೆಯ ಲೋಹದವನು:
ಅರ್ಧ ರೋಗ ಸಿಕ್ಕಿತು. ಗಾಯದ ಹೆಕ್ಕಳೆಯನ್ನು ವಾರವಾರ ಕೀಳುತ್ತಿದ್ದೀರಿ. ಪ್ರತಿ ಸಲವೂ ಹೊಸ ಹೊದಿಕೆಗೆ ಲೋಹವೇ ಕ್ರೋಮಿಯಂ ಕೊಡಬೇಕು. ಅದು ಬರಿದಾದ ಮೇಲೆ ನಿಕ್ಕಲ್ಲೇ ಉರಿಯಲು ತೊಡಗುತ್ತದೆ. ಸಡಿಲವಾದದ್ದನ್ನು ಗಾಳಿ ಊದಿ ತೆಗೆಯಿರಿ, ಸಾಕು.
ಮುಂದಿನ ಬುಟ್ಟಿಗೆ ಇನ್ಕೊನೆಲ್ 601 ನೋಡಿ: ಕ್ರೋಮಿಯಂ 23%, ಜೊತೆಗೆ ಒಂದೂವರೆ ಪ್ರತಿಶತದ ಹತ್ತಿರ ಅಲ್ಯೂಮಿನಿಯಂ. ದುಡ್ಡಿದ್ದರೆ ಹೇಯ್ನ್ಸ್ 214 ಎಂಬ ಇನ್ನೊಂದು ನಿಕ್ಕಲ್ ಮಿಶ್ರಲೋಹ. ಅದರ 4.5% ಅಲ್ಯೂಮಿನಿಯಂ ಪೂರ್ತಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಹೊದಿಕೆ ಕಟ್ಟುತ್ತದೆ. ಬಹಳ ನಿಧಾನವಾಗಿ ಬೆಳೆಯುತ್ತದೆ, ಆವಿಯಾಗುವುದಿಲ್ಲ. ಅದರಲ್ಲಿ ಹೆಪ್ಪಿಗೆ ಹಾಕುವಷ್ಟು ಯಿಟ್ರಿಯಂ ಎಂಬ ಲೋಹ ಕೂಡ ಇದೆ, 100 ಕೆಜಿಗೆ ಸುಮಾರು 10 ಗ್ರಾಂ. ಲೋಹದೊಳಗಿನ ಗಂಧಕ ಹೊದಿಕೆಯ ಬುಡಕ್ಕೆ ಹೋಗಿ ಹಿಡಿತ ಸಡಿಲಿಸದಂತೆ ಅದು ತಡೆಯುತ್ತದೆ. ಇಷ್ಟು ಚಿಟಿಕೆಗೆ ಇಷ್ಟು ಕೆಲಸ! ನನಗೆ ಇವತ್ತಿಗೂ ಬೆರಗು.

ಅಲಗಿನ ಕೆಲಸದವಳು:
ಲೇಪನವೇ ಬೇಕೆಂದರೆ ಟರ್ಬೈನ್ ಅಲಗುಗಳಿಗೆ ಮಾಡುವ ಅಲ್ಯೂಮಿನೈಸಿಂಗ್ ಇದೆ. ಅಲ್ಯೂಮಿನಿಯಂ ಪುಡಿ, ಅಮೋನಿಯಂ ಕ್ಲೋರೈಡ್, ಅಲ್ಯೂಮಿನಾ ಬೆರೆಸಿದ ಪೆಟ್ಟಿಗೆಯಲ್ಲಿ ಹೂತು, ಆರ್ಗಾನ್‌ನಲ್ಲಿ ಕಾಯಿಸುತ್ತೇವೆ. ಕ್ಲೋರೈಡ್ ಅನಿಲ ಅಲ್ಯೂಮಿನಿಯಂ ಹೊತ್ತು ತರುತ್ತದೆ, ಮೇಲ್ಮೈ ನಿಕ್ಕಲ್ ಅಲ್ಯುಮಿನೈಡ್ (ನಿಕ್ಕಲ್-ಅಲ್ಯೂಮಿನಿಯಂ ಸಂಯುಕ್ತ) ಆಗುತ್ತದೆ. ಬೆಸುಗೆಯೆಲ್ಲ ಮುಗಿದ ಮೇಲೇ ಮಾಡಿಸಬೇಕು. ತಣ್ಣಗಿರುವಾಗ ಅದು ಗಾಜಿನಂತೆ. ಪೆಟ್ಟು ಬಿದ್ದರೆ ಬಿರುಕು.

ಪೀಣ್ಯದ ಕುಲುಮೆ:
ನಮ್ಮ ಹುಡುಗರು ಬುಟ್ಟಿಯನ್ನು ಕಾಲಿನಲ್ಲೇ ತಳ್ಳುವವರು ಮೇಡಂ, ಲೇಪನ ಬೇಡ. 601ಕ್ಕೆ ದರ ಕೇಳಿದ್ದೇನೆ. ಈ ಶನಿವಾರದಿಂದ ಬ್ಲಾಸ್ಟಿಂಗ್ ಬಂದ್; ಬುಟ್ಟಿಯ ತೂಕ ಬರೆದಿಡುತ್ತೇನೆ.

ಹಳೆಯ ಲೋಹದವನು:
ಕೆಳಗೆ ತಟ್ಟೆಯಿಟ್ಟು ಉದುರಿದ್ದನ್ನೂ ತೂಗಿ. ಅಂಟಿಕೊಂಡ ಆಮ್ಲಜನಕ ತೂಕ ಏರಿಸುತ್ತದೆ, ಹೊಪ್ಪಳೆ ಇಳಿಸುತ್ತದೆ. ಬರೀ ಬುಟ್ಟಿ ತೂಗಿದರೆ ಏನೂ ಆಗಿಲ್ಲವೆಂದು ಮೋಸ ಹೋಗುತ್ತೀರಿ.