ಹೊಸ ಡ್ರಾಯಿಂಗ್ ಬಂದರೂ ಹಳೇದರ ಪ್ರಕಾರವೇ ಕೆಲಸ: ಒಳ್ಳೆ ಆಪ್ ಯಾವುದು?

ಪ್ರಶ್ನೆ (ಸೈಟ್ ಸೂಪರ್‌ವೈಸರ್, ಆಲ್ದೂರು ಕಡೆ):
ಮೇಡಂ, ಆಲ್ದೂರಿನ ಹತ್ತಿರ ಒಂದು ಮನೆ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಕೆಳಗೆ ಒಂದು, ಮೇಲೆ ಒಂದು ಮಹಡಿ. ಹೋದ ವಾರ ಆರ್ಕಿಟೆಕ್ಟ್ ಮೇಲಿನ ಬಾತ್‌ರೂಮನ್ನು ಪೂರ್ವದ ಮೂಲೆಯಿಂದ ಮೆಟ್ಟಿಲ ಪಕ್ಕಕ್ಕೆ ತಂದರು. ರಾತ್ರಿ ಒಂಬತ್ತೂವರೆಗೆ ಹೊಸ ಡ್ರಾಯಿಂಗ್ ಸೈಟ್ ಗ್ರೂಪಿಗೆ ಬಂತು. ಅದರ ಮೇಲೆ ಸಿಮೆಂಟ್ ಬಿಲ್ಲು, ಎರಡು ಗುಡ್ ಮಾರ್ನಿಂಗ್ ಹೂವು, ಓನರ್ ಮೊಮ್ಮಗಳ ಹುಟ್ಟುಹಬ್ಬದ ಫೋಟೋ. ಬೆಳಿಗ್ಗೆ ಸೆಂಟ್ರಿಂಗ್‌ನವರು (ಕಾಂಕ್ರೀಟಿಗೆ ಅಚ್ಚು ಕಟ್ಟುವವರು) ಬಾತ್‌ರೂಮಿಗೆ ಅಂತ ಹಳೇ ಜಾಗದಲ್ಲೇ ಒಂದು ಅಡಿ ಇಳಿಸಿ ಅಚ್ಚಿನ ಶೀಟ್ ಹೊಡೆದರು. ಕಂಬಿ ಅರ್ಧ ಕಟ್ಟಿದ ಮೇಲೆ ನನ್ನ ಕಣ್ಣಿಗೆ ಬಿತ್ತು. ಬಿಚ್ಚಿ ಮತ್ತೆ ಹೊಡೆಯಲು ಎರಡು ದಿನ ಹೋಯಿತು. ಮೇಸ್ತ್ರಿ ಆ ಕೂಲಿ ಕೇಳುತ್ತಿದ್ದಾರೆ. ಓನರ್ ಕೊಡಲ್ಲ ಅನ್ನುತ್ತಿದ್ದಾರೆ. ಡ್ರಾಯಿಂಗ್ ಕಳಿಸಲು ಒಳ್ಳೆ ಆಪ್ ಇದ್ದರೆ ಹೇಳಿ. ದುಡ್ಡು ಕೊಟ್ಟಾದರೂ ತಗೊಳ್ಳುತ್ತೇವೆ.

ಉತ್ತರ (ಸ್ಟ್ರಕ್ಚರಲ್ ಇಂಜಿನಿಯರ್, ಚಿಕ್ಕಮಗಳೂರು):
ಮೋಲ್ಡ್ (ಸ್ಲ್ಯಾಬಿನ ಕಾಂಕ್ರೀಟ್) ಹಾಕುವ ಮೊದಲೇ ಕಂಡಿತಲ್ಲ, ಬಚಾವಾದಿರಿ.

ಆಪ್ ವಿಷಯ ಆಮೇಲೆ. ಹೊಸ ಡ್ರಾಯಿಂಗ್ ನಿಮಗೆ ಸಮಯಕ್ಕೆ ಬಂದೇ ಇತ್ತು. ಹಳೇದು ಸೈಟಿನಿಂದ ಹೋಗಿರಲಿಲ್ಲ, ಅಷ್ಟೇ. ಬಾರ್ ಬೆಂಡರ್ (ಕಂಬಿ ಕಟ್ಟುವವರು) ಫೋನಿನಲ್ಲಿ ಒಂದು, ಸಿಮೆಂಟ್ ಗೋಡೌನಿನ ಮೊಳೆಗೆ ಸಿಕ್ಕಿಸಿದ್ದು ಒಂದು, ಮೇಸ್ತ್ರಿ ಸ್ಕೂಟರಿನ ಡಿಕ್ಕಿಯಲ್ಲಿ ಇನ್ನೊಂದು. ನಾನು ನೋಡಿದ ತಪ್ಪುಗಳಲ್ಲಿ ಜಾಸ್ತಿ ಪಾಲು ಹೀಗೇ ಆಗಿದ್ದು. ಎಷ್ಟು ದುಬಾರಿ ಆಪ್ ತಗೊಂಡರೂ ಡಿಕ್ಕಿಯಲ್ಲಿರುವ ಕಾಗದವನ್ನು ಅದು ತೆಗೆಯಲ್ಲ.

ನಾನು ಮಾಡುವುದು ಹೇಳುತ್ತೇನೆ. ಗೂಗಲ್ ಡ್ರೈವ್‌ನಲ್ಲಿ ಆ ಸೈಟಿಗೆ ಒಂದು ಫೋಲ್ಡರ್. ಡ್ರಾಯಿಂಗಿನ ಒಂದು ಶೀಟಿಗೆ ಒಂದೇ ಪಿಡಿಎಫ್. ಲಿಂಕ್ ಇರುವವರು ನೋಡಬಹುದು, ಮುಟ್ಟುವಂತಿಲ್ಲ. ಬದಲಾವಣೆ ಆದಾಗ ಹಳೇ ಫೈಲ್ ಅಳಿಸಿ ಹೊಸದು ಹಾಕಬೇಡಿ, ಲಿಂಕ್ ಬದಲಾಗಿಬಿಡುತ್ತದೆ. ಕಂಪ್ಯೂಟರಿನಲ್ಲಿ ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫೈಲ್ ಇನ್ಫರ್ಮೇಷನ್’ ಒಳಗೆ ಹೋದರೆ ‘ಮ್ಯಾನೇಜ್ ವರ್ಷನ್ಸ್’ ಸಿಗುತ್ತದೆ. ಅಲ್ಲಿ ಹೊಸ ಪಿಡಿಎಫ್ ಹಾಕಿ. ಲಿಂಕ್ ಅದೇ, ಒಳಗಿನ ಡ್ರಾಯಿಂಗ್ ಮಾತ್ರ ಹೊಸದು. ಆ ಲಿಂಕಿಗೆ ಕ್ಯೂಆರ್ ಕೋಡ್ ಮಾಡಿ ಗೋಡೌನ್ ಬಾಗಿಲಿಗೆ ಅಂಟಿಸಿ. ಚಹಾ ಅಂಗಡಿಗೆ ದುಡ್ಡು ಕಳಿಸಲು ಎಲ್ಲರೂ ಸ್ಕ್ಯಾನ್ ಮಾಡುತ್ತಾರೆ, ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಡ್ರೈವ್‌ನಲ್ಲಿರುವ ಫೈಲಿನ ಹೆಸರಿನಲ್ಲಿ ಆರ್1, ಆರ್2 ಅಂತ ರಿವಿಷನ್ (ಎಷ್ಟನೇ ತಿದ್ದುಪಡಿ) ನಂಬರ್ ಬೇಡ. ಸುಮ್ನೆ ‘ಎಸ್-04 ಮೊದಲ ಮಹಡಿ ಸ್ಲ್ಯಾಬ್’ ಅಂತಿರಲಿ. ನಂಬರು, ತಾರೀಕು ಡ್ರಾಯಿಂಗಿನ ಒಳಗೆ, ಬಲಗಡೆ ಕೆಳಗಿನ ಟೈಟಲ್ ಬ್ಲಾಕಿನಲ್ಲಿ (ಡ್ರಾಯಿಂಗಿನ ವಿವರ ಇರುವ ಚೌಕ) ಇರಬೇಕು. ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ನ್ಯೂ 2’ ಅಂತ ಹೆಸರಿಡುವವರಿಂದ ದೇವರೇ ಕಾಪಾಡಬೇಕು. ಹಳೇ ವರ್ಷನ್‌ಗಳನ್ನು ಡ್ರೈವ್ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. 30 ದಿನ ಆದ ಮೇಲೆ ಅಥವಾ 100 ವರ್ಷನ್ ದಾಟಿದರೆ ಅಳಿಸಬಹುದು. ಹಾಗಾಗಿ ‘ರದ್ದು’ ಅಂತ ಬೇರೆ ಫೋಲ್ಡರ್ ಮಾಡಿ ಒಂದೊಂದು ಪ್ರತಿ ಹಾಕಿಡಿ. ಅದು ಸೈಟಿನವರಿಗೆ ಕಾಣಬಾರದು. ಬಿಲ್ಲಿನ ಜಗಳ ಬಂದಾಗ ಬೇಕಾಗುತ್ತದೆ.

ಕಾಗದಕ್ಕೆ ಗ್ಯಾಸ್ ಸಿಲಿಂಡರ್ ಲೆಕ್ಕ. ಖಾಲಿ ಕೊಟ್ಟರೆ ತುಂಬಿದ್ದು. ಹಳೇ ಶೀಟ್ ಕೈಗೆ ಬರದೆ ಹೊಸದು ಕೊಡಬೇಡಿ. ಬಂದ ಹಳೇದರ ಮೇಲೆ ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ‘ರದ್ದು’ ಅಂತ ಬರೆಯಿರಿ.

ಕೂಲಿ ವಿಷಯ: ಡ್ರಾಯಿಂಗ್ ಬಂದ ಮೇಲೆ ಆ ರಾತ್ರಿ ಅಥವಾ ಬೆಳಿಗ್ಗೆ ಮೇಸ್ತ್ರಿಗೆ ನೀವು ಬಾಯಲ್ಲಾದರೂ ಹೇಳಿದ್ದಿರಾ? ಇಲ್ಲ ಅಂದರೆ ಮೇಸ್ತ್ರಿ ತಪ್ಪು ಅನ್ನುವುದು ನನಗೆ ಸರಿ ಕಾಣಲ್ಲ. ನೂರು ಮೆಸೇಜಿನ ಗ್ರೂಪಿಗೆ ಬಿದ್ದಿದ್ದನ್ನು ‘ತಿಳಿಸಿದ್ದೇವೆ’ ಅನ್ನೋಕಾಗಲ್ಲ.

ಮತ್ತೊಬ್ಬರು (ಕಂಟ್ರಾಕ್ಟರ್, ಮೂಡಿಗೆರೆ):
ಮೇಡಂ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತದೆ. ಕ್ಯೂಆರ್ ಸ್ಕ್ಯಾನ್ ಮಾಡಿ ಆಕಾಶ ನೋಡಬೇಕಾ?

ಉತ್ತರ:
ನ್ಯಾಯವಾದ ಪ್ರಶ್ನೆ. ಡ್ರೈವ್ ಆಪ್‌ನಲ್ಲಿ ಫೈಲನ್ನು ಆಫ್‌ಲೈನ್ ಇಟ್ಟುಕೊಳ್ಳಬಹುದು. ಆದರೆ ಸಿಗ್ನಲ್ ಸಿಗುವವರೆಗೂ ಅದು ಹಳೇದನ್ನೇ ತೋರಿಸುತ್ತದೆ. ಅದಕ್ಕೇ ನಾನು ಒಂದು ಕರಿಹಲಗೆ ಇಡಿಸುತ್ತೇನೆ. ಎಡಗಡೆ ಶೀಟ್ ನಂಬರ್, ಬಲಗಡೆ ಈಗ ನಡೆಯುತ್ತಿರುವ ರಿವಿಷನ್, ಸೀಮೆಸುಣ್ಣದಲ್ಲಿ. ‘ಎಸ್-04, ಆರ್2’. ಫೋನಿನಲ್ಲಿರಲಿ, ಕಾಗದದಲ್ಲಿರಲಿ, ಹಲಗೆ ಜೊತೆ ತಾಳೆ ಆಗದಿದ್ದರೆ ಕೆಲಸ ಶುರು ಮಾಡುವ ಹಾಗಿಲ್ಲ. ಕಂಬಿ ಕಟ್ಟುವವರು ಬಿಹಾರದವರಿರಲಿ, ಬಳ್ಳಾರಿಯವರಿರಲಿ, ಅಂಕಿ ಎಲ್ಲರಿಗೂ ಓದಲು ಬರುತ್ತದೆ. ಹಲಗೆ ತಿದ್ದುವ ಕೈ ಒಂದೇ ಇರಬೇಕು. ತಿದ್ದಿದ ಕೂಡಲೇ ಒಂದು ಫೋಟೋ. ಸಿಗ್ನಲ್ ಸಿಕ್ಕಾಗ ನನಗೆ ಬರುತ್ತದೆ.

ಇಂಕ್‌ಜೆಟ್ ಪ್ರಿಂಟ್ ಮಾತ್ರ ತರಬೇಡಿ. ಜುಲೈ ತಿಂಗಳ ಒಂದು ಹನಿ ಬಿದ್ದರೆ 12 ಎಂಎಂ ಕಂಬಿ ಯಾವುದು, 16 ಎಂಎಂ ಯಾವುದು ಗೊತ್ತಾಗಲ್ಲ. ಮೀಟರಿಗೆ 0.89 ಕೆಜಿ ಎಲ್ಲಿ, 1.58 ಕೆಜಿ ಎಲ್ಲಿ! ಲೇಸರ್ ಪ್ರಿಂಟ್ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿಡಿ.

ಮತ್ತೊಬ್ಬರು (ಡಿಪ್ಲೊಮಾ ಇಂಜಿನಿಯರ್, ಹಾಸನ):
ಆರ್ಕಿಟೆಕ್ಟ್ ಆಫೀಸಿನವರು ಹೊಸ ಶೀಟ್ ಕಳಿಸುತ್ತಾರೆ, ಏನು ಬದಲಾಯಿತು ಅಂತ ಹೇಳಲ್ಲ. ಕೇಳಿದರೆ ‘ಸ್ವಲ್ಪ ಚೇಂಜ್ ಇದೆ, ನೋಡಿ’ ಅನ್ನುತ್ತಾರೆ. ಅದೂ ವಾಟ್ಸಾಪ್ ಫೋಟೋದಲ್ಲಿ. ಹಿಗ್ಗಿಸಿದರೆ ಅಳತೆ ಎಲ್ಲ ಮಸುಕು.

ಉತ್ತರ:
ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. 6 ಯಾವುದು, 8 ಯಾವುದು ಅಂತ ಊಹೆ ಮಾಡಬೇಕು. ಡಾಕ್ಯುಮೆಂಟ್ ಆಗಿ ಪಿಡಿಎಫ್ ಕಳಿಸಿ ಅಂತ ಹೇಳಿ. ಇದಕ್ಕೆ ನಾಚಿಕೆ ಬೇಡ.

ಬದಲಾದ ಜಾಗದ ಸುತ್ತ ಮೋಡದ ಹಾಗೆ ಗೆರೆ ಹಾಕಿ, ಪಕ್ಕದಲ್ಲಿ ತ್ರಿಕೋನದೊಳಗೆ ರಿವಿಷನ್ ನಂಬರ್ ಬರೆಯುವುದು ಪದ್ಧತಿ. ಟೈಟಲ್ ಬ್ಲಾಕಿನ ಮೇಲೆ ‘ಆರ್2: ಬಾತ್‌ರೂಮ್ ಸ್ಥಳ ಬದಲು’ ಅಂತ ಒಂದು ಸಾಲು. ಎರಡೂ ಇಲ್ಲದಿದ್ದರೆ ಡ್ರಾಯಿಂಗ್ ವಾಪಸ್ ಕಳಿಸಿ. ನಾನು ಕಳಿಸಿದ್ದರೂ ಕಳಿಸಿ. ನಿಮ್ಮ ಹತ್ತಿರ ಡಿಡಬ್ಲ್ಯುಜಿ ಫೈಲ್ (ಆಟೋಕ್ಯಾಡ್ ಸಾಫ್ಟ್‌ವೇರಿನ ಮೂಲ ಡ್ರಾಯಿಂಗ್) ಇದ್ದರೆ, ಆಟೋಕ್ಯಾಡ್ 2019ರಿಂದ ಈಚೆಗೆ ‘ಡಿಡಬ್ಲ್ಯುಜಿ ಕಂಪೇರ್’ ಅನ್ನುವುದು ಬಂದಿದೆ. ಹಳೇದು ಹೊಸದು ಎರಡನ್ನೂ ಒಂದರ ಮೇಲೊಂದು ಇಟ್ಟು, ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುತ್ತದೆ. ಹೇಳದೇ ಮಾಡಿದ ಬದಲಾವಣೆ ಎಷ್ಟಿರುತ್ತದೆ ಅಂತ ಒಮ್ಮೆ ನೋಡಿ, ಗಾಬರಿ ಆಗುತ್ತದೆ.

ಮತ್ತೊಬ್ಬರು (ಮೇಸ್ತ್ರಿ, ಬೇಲೂರು):
ಮೇಡಂ ನಮಸ್ಕಾರ. ಡ್ರಾಯಿಂಗ್ ಬಿಡಿ, ನಮಗೆ ಫೋನಿನಲ್ಲೇ ಹೇಳುತ್ತಾರೆ. ‘ಆ ಬೀಮ್ 18 ಬೇಡ, 15 ಇಂಚು ಮಾಡು, ಕಿಟಕಿಗೆ ಅಡ್ಡ ಬರುತ್ತೆ’ ಅಂತ. ಆಮೇಲೆ ‘ನಾನೆಲ್ಲಿ ಹೇಳಿದೆ’ ಅನ್ನುತ್ತಾರೆ.

ಉತ್ತರ:
ನಮಸ್ಕಾರ ಮೇಸ್ತ್ರಿಗಳೇ. ಫೋನ್ ಇಟ್ಟ ಕೂಡಲೇ ಅವರಿಗೇ ಒಂದು ವಾಯ್ಸ್ ಮೆಸೇಜ್ ಹಾಕಿ. ‘ಸರ್, ಮೆಟ್ಟಿಲ ಪಕ್ಕದ ಬಿ3 ಬೀಮ್ 18ರ ಬದಲು 15 ಇಂಚು ಮಾಡಲು ಹೇಳಿದಿರಿ. ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿದ್ದಾರಾ?’ ಉತ್ತರ ಬರುವವರೆಗೆ ಬೇರೆ ಕೆಲಸ ನೋಡಿ. ಬೀಮಿನ ಆಳ ಮೂರು ಇಂಚು ಕಡಿಮೆಯಾದರೆ ಒಳಗಿನ ಕಂಬಿ ಲೆಕ್ಕ ಪೂರ್ತಿ ಬೇರೆ. ಕಿಟಕಿಗೋಸ್ಕರ ಅದನ್ನು ಫೋನಿನಲ್ಲಿ ತೀರ್ಮಾನ ಮಾಡುವ ಅಧಿಕಾರ ಆರ್ಕಿಟೆಕ್ಟಿಗೂ ಇಲ್ಲ, ಓನರಿಗೂ ಇಲ್ಲ.

ಮತ್ತೊಬ್ಬರು (ಮಾಲೀಕರು, ಹಾಸನ):
ಬಿ.ಎಂ. ರಸ್ತೆಯಲ್ಲಿ ಐದು ಮಹಡಿ ಕಮರ್ಷಿಯಲ್ ಕಟ್ಟಿಸುತ್ತಿದ್ದೇವೆ. ಸಿವಿಲ್, ಎಲೆಕ್ಟ್ರಿಕಲ್, ಲಿಫ್ಟ್, ಎಸಿ ಎಲ್ಲರೂ ಬೇರೆ ಬೇರೆ. ಇದಕ್ಕೂ ಕರಿಹಲಗೆ ಸಾಕಾ?

ಉತ್ತರ:
ನಿಮಗೆ ಆಪ್ ಬೇಕು ಸರ್. ಆಟೋಡೆಸ್ಕ್ ಬಿಲ್ಡ್ ಥರದವು. ಇದರಲ್ಲಿ ಅದೇ ನಂಬರಿನ ಹೊಸ ಶೀಟ್ ಹಾಕಿದರೆ ತೆರೆದಾಗ ಹೊಸದೇ ಮೊದಲು ಬರುತ್ತದೆ, ಹಳೇದು ಹಿಂದೆ ಸರಿಯುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬಹುದು. ಆದರೆ ಯಾರು ಒಪ್ಪಿದ ಮೇಲೆ ಶೀಟ್ ಸೈಟಿಗೆ ಹೋಗುತ್ತದೆ ಅಂತ ಮೊದಲು ಬರೆದುಕೊಳ್ಳಿ. ಕಟ್ಟಡದ ಮಾಹಿತಿ ನಿರ್ವಹಣೆಗೆ 2018ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 19650ರಲ್ಲಿ ಇದಕ್ಕೆ ನಾಲ್ಕು ಹಂತ ಹೇಳಿದ್ದಾರೆ: ಇನ್ನೂ ಮಾಡುತ್ತಿರುವುದು, ಬೇರೆಯವರು ನೋಡಲು ಕೊಟ್ಟಿದ್ದು, ಒಪ್ಪಿ ಹೊರಬಿಟ್ಟಿದ್ದು, ಕಡತಕ್ಕೆ ಹೋದದ್ದು. ಸೈಟಿಗೆ ಮೂರನೆಯದು ಮಾತ್ರ ಇಳಿಯಬೇಕು. ನಮ್ಮ ಕಡೆ ಜಿಎಫ್‌ಸಿ (ಗುಡ್ ಫಾರ್ ಕನ್‌ಸ್ಟ್ರಕ್ಷನ್) ಸೀಲ್ ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ.

ಕರಿಹಲಗೆಯನ್ನೂ ಇಡಿ. ನೂರೈವತ್ತು ರೂಪಾಯಿಗೆ ಏನೂ ನಷ್ಟ ಆಗಲ್ಲ.

ಮೊದಲ ಪ್ರಶ್ನೆ ಕೇಳಿದವರು:
ಮೇಡಂ, ಇವತ್ತು ಹಲಗೆ ಹಾಕಿದೆ. ಹಳೇ ಶೀಟ್ ವಾಪಸ್ ಕೇಳಿದರೆ ಏಳು ಬಂದವು, ಒಂದರಲ್ಲಿ ಬೋಂಡಾ ಕಟ್ಟಿದ್ದರು. ಬಾರ್ ಬೆಂಡರ್ ಫೋನಿನಲ್ಲಿ ಈ ಸೈಟಿನ ಹಳೇ ಪಿಡಿಎಫ್ 14 ಇದ್ದವು. ಕೂತು ಎಲ್ಲ ಅಳಿಸಿದೆ. ಕೂಲಿ ಅರ್ಧ ನಾನು, ಅರ್ಧ ಓನರ್ ಅಂತ ಮಾತಾಯಿತು.

ಉತ್ತರ:
ಒಳ್ಳೆಯದಾಯಿತು. ನಿಮ್ಮ ಫೋನಿನಲ್ಲಿ ಎಷ್ಟಿದ್ದವು?

ಮೊದಲ ಪ್ರಶ್ನೆ ಕೇಳಿದವರು:
22 ಮೇಡಂ.